ಓಪನ್ ಟಾಪ್ ಹೆರಾಲ್ಡ್‌ಗೆ 14 ಲಕ್ಷ ಕೊಡಬಹುದಾ?

ಪ್ರಶ್ನೆ: ನಮಸ್ತೆ ಸರ್, ನಾನು ಮಂಡ್ಯದವನು. ಮೈಸೂರಲ್ಲಿ ಒಬ್ಬರ ಹತ್ರ 1964ರ ಟ್ರಯಂಫ್ ಹೆರಾಲ್ಡ್ 1200 ಕನ್ವರ್ಟಿಬಲ್ ಇದೆ, ಕೆಂಪು ಬಣ್ಣ, ನೋಡಕ್ಕೆ ತುಂಬಾ ಚೆನ್ನಾಗಿದೆ. 14 ಲಕ್ಷ ಹೇಳ್ತಿದಾರೆ. ಇಂಗ್ಲೆಂಡಿಂದ ಬಂದ ಕಂಪನಿ ಕನ್ವರ್ಟಿಬಲ್, ಮ್ಯಾಚಿಂಗ್ ನಂಬರ್, ಮೊದಲು ಅರಮನೆ ಕಡೆಯವರ ಹತ್ರ ಇತ್ತು ಅಂತಾರೆ. ಬಾನೆಟ್ ಒಳಗಿರೋ ಪ್ಲೇಟಲ್ಲಿ ನಂಬರ್ ಕೊನೆಗೆ ಸಿವಿ ಅಂತಿದೆ, ಪ್ಲೇಟ್ ಹೊಸದರ ಥರ ಹೊಳೀತಿದೆ. ಆದ್ರೆ ಆರ್‌ಸಿ ಬುಕ್ಕಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್, ಸಲೂನ್ (ಅಂದ್ರೆ ಟಾಪ್ ಮುಚ್ಚಿರೋ ಗಾಡಿ), 948 ಸಿಸಿ ಅಂತ ಇದೆ, ಚಾಸಿ ನಂಬರಲ್ಲಿ ಸಿವಿ ಇಲ್ಲ. ಆ ಕಾಲದ ಗುಮಾಸ್ತರು ತಪ್ಪು ಬರೆದಿದಾರೆ ಅನ್ನೋದು ಅವರ ಉತ್ತರ. ಎಡಗಡೆ ಡೋರ್ ಸ್ವಲ್ಪ ಎತ್ತಿ ಹಾಕ್ಬೇಕು. ಒರಿಜಿನಲ್ ಹೌದೋ ಅಲ್ವೋ ಹೆಂಗೆ ಗೊತ್ತಾಗುತ್ತೆ, ಎಷ್ಟು ಕೊಡಬಹುದು, ವಿಂಟೇಜ್ ಗಾಡಿಗಳಿಗೆ ಕೊಡೋ ವಿಎ ನಂಬರ್ ಮಾಡಿಸ್ಕೋಬಹುದಾ?

ಉತ್ತರ: ಸರ್, ನೇರವಾಗಿ ಹೇಳ್ಬಿಡ್ತೀನಿ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅಂದ್ರೆ ಸದ್ಯಕ್ಕೆ ಕೊಡ್ಬೇಡಿ. ನೀವು ಬರೆದಿರೋ ವಿಷಯಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿದ್ರೆ ನನಗೆ ಕಾಣೋದು ಮದ್ರಾಸಿನಲ್ಲಿ ತಯಾರಾದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಸಲೂನ್, ಟಾಪ್ ಬಿಚ್ಚಿ ಬಟ್ಟೆ ಹುಡ್ ಹಾಕಿ, ಟ್ರಯಂಫ್ ಅಕ್ಷರ ಅಂಟಿಸಿ, ಹೊಸ ಪ್ಲೇಟ್ ಹೊಡೆದಿರೋ ಗಾಡಿ. ಗಾಡಿ ಕಣ್ಣಾರೆ ನೋಡ್ದೆ ಇದೇ ಕೊನೇ ಮಾತು ಅನ್ನಲ್ಲ, ಆದ್ರೆ ಹಾಗಲ್ಲ ಅಂತ ಸಾಬೀತು ಮಾಡೋ ಜವಾಬ್ದಾರಿ ಮಾರೋವ್ರದ್ದು, ನಿಮ್ಮದಲ್ಲ. ಹಂಗಂತ ಈ ಗಾಡಿ ತಗೋಳ್ಳೇಬೇಡಿ ಅಂತಾನೂ ಹೇಳ್ತಿಲ್ಲ, ಅದು ಏನೋ ಅದಕ್ಕೆ ತಕ್ಕ ಬೆಲೆಗೆ ಸಿಕ್ಕಿದ್ರೆ ಒಳ್ಳೇ ಗಾಡೀನೇ ಆಗಬಹುದು, ಅದು ಹೆಂಗೆ ಅಂತ ಮುಂದೆ ಹೇಳ್ತೀನಿ.

ಹೆರಾಲ್ಡ್ ವಿಷಯದಲ್ಲಿ ಮೋಸ ಹೋಗೋದು ಯಾಕೆ ಸುಲಭ ಅಂತ ತಿಳ್ಕೊಂಡ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. 1959ರಲ್ಲಿ ಇಂಗ್ಲೆಂಡಲ್ಲಿ ಈ ಗಾಡಿ ಬಂದಾಗ ಸಣ್ಣ ಕಾರು ಮಾಡೋವ್ರು ಹೆಚ್ಚಿನವರು ಬಾಡಿ, ಚಾಸಿ ಎರಡೂ ಒಂದೇ ಆಗಿರೋ ಮೊನೊಕಾಕ್ ಕಡೆ ಹೋಗಿದ್ರು, ಟ್ರಯಂಫ್‌ನೋರು ಮಾತ್ರ ಹಳೇ ಪದ್ಧತೀಲಿ ಬೇರೆ ಚಾಸಿ ಇಟ್ಟು ಅದರ ಮೇಲೆ ಬಾಡೀನ ಭಾಗ ಭಾಗವಾಗಿ ಬೋಲ್ಟ್ ಹಾಕಿ ಕೂರಿಸಿದ್ರು. ಡಿಸೈನ್ ಇಟಲಿಯ ಜೊವಾನ್ನಿ ಮಿಕೆಲೊಟ್ಟಿದು. ಅದರಿಂದ ಅವರಿಗಾದ ಲಾಭ ಏನಪ್ಪ ಅಂದ್ರೆ ಅದೇ ಚಾಸಿ ಮೇಲೆ ಸಲೂನ್, ಕೂಪೆ, ಕನ್ವರ್ಟಿಬಲ್, ಎಸ್ಟೇಟ್, ವ್ಯಾನು ಎಲ್ಲಾ ಮಾಡಬಹುದಿತ್ತು. ಟಾಪ್ ಕೂಡ ಬೋಲ್ಟಲ್ಲೇ ನಿಂತಿರೋದು, ಸ್ಪ್ಯಾನರ್ ಹಿಡ್ಕೊಂಡು ಇಬ್ಬರು ಗಟ್ಟಿಮುಟ್ಟಾದ ಆಳು ನಿಂತ್ರೆ ಸಲೂನ್ ಟಾಪ್ ಎತ್ತಿ ಪಕ್ಕಕ್ಕಿಡಬಹುದು, ಗ್ಯಾಸ್ ಕಟರ್ ಬೇಡ, ಏನೂ ಬೇಡ. ನಮ್ಮಲ್ಲಿ 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನೋರು ಇದನ್ನೇ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ಮಾಡಿ ಮಾರಿದ್ರು, ಮೈಸೂರು ಮಂಡ್ಯದ ಡಾಕ್ಟ್ರು, ಲಾಯರ್‌ಗಳ ಮನೇಲಿ ಇದ್ದಿದ್ದು ಇವೇ. ಅಂಥ ಸಲೂನ್ ಒಂದು ತಗೊಂಡು ಟಾಪ್ ಬಿಚ್ಚಿದ್ರೆ ರೋಡಲ್ಲಿ ನಿಂತು ನೋಡೋವ್ರಿಗೆ ಅದು ಕನ್ವರ್ಟಿಬಲ್ಲೇ, ಕತ್ತರಿಸಿದ ಗುರುತೂ ಇರಲ್ಲ. ಅದಕ್ಕೇ ಹೆರಾಲ್ಡಲ್ಲಿ ಕಣ್ಣು ನಂಬಬಾರದು, ನಂಬರ್ ನೋಡ್ಬೇಕು.

ನಂಬರ್ ವಿಷಯಕ್ಕೆ ಬರ್ತೀನಿ, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಇಂಗ್ಲೆಂಡಲ್ಲಿ ತಯಾರಾದ ಹೆರಾಲ್ಡ್‌ಗೆ ಕಮಿಷನ್ ನಂಬರ್ ಅಂತ ಒಂದಿರುತ್ತೆ, ಅದನ್ನೇ ಚಾಸಿ ನಂಬರ್ ಅಂತ ಬಳಸ್ತಾರೆ. 1200 ಮಾಡೆಲ್ ಆದ್ರೆ ಜಿಎ ಇಂದ ಶುರು, ಕೊನೇಲಿ ಎರಡಕ್ಷರ ಬಾಡಿ ಯಾವುದು ಅಂತ ಹೇಳುತ್ತೆ: ಸಲೂನ್‌ಗೆ ಡಿಎಲ್, ಕನ್ವರ್ಟಿಬಲ್‌ಗೆ ಸಿವಿ, ಕೂಪೆಗೆ ಸಿಪಿ. ಹಾಗಾಗಿ ಸಿವಿ ಅಂತಿದ್ರೆ ಖುಷಿ ಪಡೋ ವಿಷಯಾನೇ, ಆದ್ರೆ ಈ ನಂಬರ್ ಇರೋದು ಬಲ್ಕ್‌ಹೆಡ್ ಮೇಲೆ, ಅಂದ್ರೆ ಇಂಜಿನ್‌ಗೂ ಒಳಗಿನ ಸೀಟಿಗೂ ಮಧ್ಯದ ತಗಡಿನ ಗೋಡೆ ಮೇಲೆ, ಹೊಡೆದಿರೋ ಒಂದು ತೆಳು ತಗಡಿನ ಪ್ಲೇಟ್ ಮೇಲೆ, ಕಂಪನಿಯೋರು ಚಾಸಿ ಫ್ರೇಮ್ ಮೇಲೇನೇ ಪಂಚ್ ಮಾಡ್ತಿರಲಿಲ್ಲ. ಪ್ಲೇಟ್ ಬಿಚ್ಚಬಹುದು, ಬೇರೆ ಗಾಡಿಗೆ ಹಾಕಬಹುದು, ಇಷ್ಟೇ ಅಲ್ಲ, ರೆಸ್ಟೋರೇಷನ್ ಮಾಡೋವ್ರಿಗೆ ಅಂತ ಖಾಲಿ ಪ್ಲೇಟ್‌ಗಳನ್ನ ಇಂಗ್ಲೆಂಡಲ್ಲಿ ಬಹಿರಂಗವಾಗೇ ಮಾರ್ತಾರೆ, ಅದರಲ್ಲಿ ತಪ್ಪಿಲ್ಲ, ಆದ್ರೆ ಅದರ ಮೇಲೆ ಏನು ಬೇಕಾದ್ರೂ ಹೊಡ್ಕೋಬಹುದು. ನಿಮ್ಮ ಪ್ಲೇಟು ಹೊಳೀತಿದೆ ಅಂತ ನೀವೇ ಬರೆದಿದೀರ. ಅರುವತ್ತು ವರ್ಷ ಇಂಜಿನ್ ಬಿಸಿ, ಆಯಿಲ್ ಹಬೆ, ಧೂಳು ಕುಡಿದ ತಗಡು ಹೊಳೆಯಲ್ಲ ಸರ್. ರಿವೆಟ್ ಯಾವ ಥರ ಇದೆ, ರಿವೆಟ್ ಸುತ್ತ ಪೇಂಟ್ ಬಿರುಕು ಬಿಟ್ಟಿದೆಯಾ, ಪ್ಲೇಟ್ ಕೆಳಗೆ ಹಳೇ ತೂತಿನ ಗುರುತು ಇದೆಯಾ, ಟಾರ್ಚ್ ಹಾಕಿ ನೋಡಿ, ಫೋಟೋ ತೆಗೀರಿ.

ಈಗ ಆರ್‌ಸಿ. ಗುಮಾಸ್ತರು ಒಂದು ಅಕ್ಷರ ತಪ್ಪು ಬರೆಯೋದು, ಎಂಟನ್ನ ಮೂರು ಮಾಡೋದು ನಡೆಯುತ್ತೆ, ಹಳೇ ಬುಕ್‌ಗಳಲ್ಲಿ ಅಂಥದ್ದು ಬೇಕಾದಷ್ಟು ಇರುತ್ತೆ. ಆದ್ರೆ ಮೇಕ್ ಸ್ಟ್ಯಾಂಡರ್ಡ್, ಬಾಡಿ ಸಲೂನ್, 948 ಸಿಸಿ, ಚಾಸಿ ನಂಬರೇ ಬೇರೆ, ಈ ನಾಲ್ಕೂ ಒಟ್ಟಿಗೆ ತಪ್ಪಾಗಿ, ನಾಲ್ಕೂ ಸೇರಿ ಒಂದೇ ಬೇರೆ ಗಾಡಿಯನ್ನ ಸರಿಯಾಗಿ ವರ್ಣಿಸೋ ಹಾಗೆ ತಪ್ಪಾಗಲ್ಲ. ಇಂಗ್ಲೆಂಡಲ್ಲಿ ಹೆರಾಲ್ಡ್ ಮೊದಲು 948 ಸಿಸಿ ಇತ್ತು, 1961ರಲ್ಲಿ 1147 ಸಿಸಿಯ 1200 ಬಂತು. ನಮ್ಮ ಸ್ಟ್ಯಾಂಡರ್ಡ್ ಹೆರಾಲ್ಡ್ ಮಾತ್ರ 948ರಲ್ಲೇ ಉಳೀತು. ಆರ್‌ಸಿ ಹೇಳ್ತಿರೋದು ಅಚ್ಚುಕಟ್ಟಾಗಿ ಒಂದು ಮದ್ರಾಸ್ ಹೆರಾಲ್ಡ್ ಬಗ್ಗೆ. ಒಂದೋ ಗಾಡಿ ಅದೇ, ಪ್ಲೇಟ್ ಸುಳ್ಳು, ಇಲ್ಲಾ ಅಂದ್ರೆ ಪ್ಲೇಟ್ ನಿಜ, ಗಾಡಿ ನಿಜವಾಗಿ ಇಂಗ್ಲೆಂಡ್ ಕನ್ವರ್ಟಿಬಲ್, ಆದ್ರೆ ಬೇರೆ ಸತ್ತ ಗಾಡಿಯ ಆರ್‌ಸಿ ಮೇಲೆ ಓಡ್ತಿದೆ. ಎರಡನೇದು ಮೊದಲನೇದಕ್ಕಿಂತ ಅಪಾಯ, ಯಾಕಂದ್ರೆ ಆಗ ನಿಮ್ಮ ಕೈಯಲ್ಲಿ ದಾಖಲೆನೇ ಇಲ್ಲದ ಗಾಡಿ ಇರುತ್ತೆ, ಮುಂದೆ ನಿಮ್ಮ ಹೆಸರಿಗೆ ಮಾಡಿಸೋವಾಗ ಪೆನ್ಸಿಲ್ ಪ್ರಿಂಟ್ (ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲಲ್ಲಿ ಉಜ್ಜಿ ತೆಗೆಯೋ ಅಚ್ಚು) ತಾಳೆ ಆಗಲ್ಲ, ಗಾಡಿ ಸೀಜ್ ಆಗೋವರೆಗೂ ಹೋಗಬಹುದು.

ಮ್ಯಾಚಿಂಗ್ ನಂಬರ್ ಅನ್ನೋ ಮಾತನ್ನ ಬ್ರೋಕರ್‌ಗಳು ಬಹಳ ಹಗುರವಾಗಿ ಬಳಸ್ತಾರೆ. ಹೆರಾಲ್ಡಲ್ಲಿ ಇಂಜಿನ್ ನಂಬರು, ಕಮಿಷನ್ ನಂಬರು ಎರಡೂ ಒಂದೇ ಅಲ್ಲ, ಬೇರೆ ಬೇರೆ ಸಾಲಿನವು. ಇಂಜಿನ್ ನಂಬರ್ ಬ್ಲಾಕ್ ಮೇಲೆ ಪಂಚ್ ಆಗಿರುತ್ತೆ, 1200 ಆದ್ರೆ ಸಾಮಾನ್ಯವಾಗಿ ಜಿಎ ಇಂದ ಶುರುವಾಗಿ ಎಚ್‌ಇ ಅಂತ ಮುಗಿಯುತ್ತೆ. ಯಾರಾದ್ರೂ ನೋಡಿ ಎರಡೂ ಕಡೆ ಒಂದೇ ನಂಬರ್ ಇದೆ, ಮ್ಯಾಚಿಂಗ್ ಅಂತ ತೋರಿಸಿದ್ರೆ ಅದು ಒರಿಜಿನಲ್ ಅನ್ನೋದಕ್ಕೆ ಸಾಕ್ಷಿ ಅಲ್ಲ, ಇತ್ತೀಚೆಗೆ ಯಾರೋ ಪಂಚ್ ಮಾಡಿರೋದಕ್ಕೆ ಸಾಕ್ಷಿ. ಬ್ಲಾಕ್ ಮೇಲಿನ ಆ ಜಾಗ ಗ್ರೈಂಡರ್ ಹಿಡಿದ ಹಾಗೆ ನುಣುಪಾಗಿದ್ರೆ, ಅಕ್ಷರಗಳು ಒಂದು ಮೇಲೆ ಒಂದು ಕೆಳಗೆ ಇದ್ರೆ ಅಲ್ಲೇ ನಿಲ್ಲಿ. ನಿಜವಾದ ಮ್ಯಾಚಿಂಗ್ ಅಂದ್ರೆ ಆ ಗಾಡಿ ಫ್ಯಾಕ್ಟರಿ ಬಿಟ್ಟಾಗ ಯಾವ ಇಂಜಿನ್ ಇತ್ತು ಅಂತ ಕಂಪನಿ ಲೆಡ್ಜರಲ್ಲಿದೆಯೋ ಅದೇ ಇಂಜಿನ್ ಈಗ್ಲೂ ಇರೋದು. ಇಂಗ್ಲೆಂಡಿನ ಗೇಡನ್‌ನಲ್ಲಿರೋ ಬ್ರಿಟಿಷ್ ಮೋಟಾರ್ ಮ್ಯೂಸಿಯಂನೋರು ಹಳೇ ಕಂಪನಿ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡ್ತಾರೆ, ತಯಾರಾದ ತಾರೀಖು, ಇಂಜಿನ್ ನಂಬರು, ಬಣ್ಣ, ಎಲ್ಲಿಗೆ ಕಳಿಸಿದ್ರು ಅನ್ನೋದು ಅದರಲ್ಲಿ ಬರುತ್ತೆ. ಮಾರೋವ್ರು 14 ಲಕ್ಷ ಕೇಳ್ತಿದಾರೆ ಅಂದ್ರೆ ಈ ಸರ್ಟಿಫಿಕೇಟ್ ಅವರೇ ತರಿಸಿ ಕೊಡ್ಲಿ, ಅದಕ್ಕಾಗೋ ಖರ್ಚು ಈ ಬೆಲೆ ಮುಂದೆ ಏನೂ ಅಲ್ಲ. ತರಿಸಕ್ಕೆ ಹಿಂದೇಟು ಹಾಕಿದ್ರೆ ಉತ್ತರ ಸಿಕ್ಕಿದ ಹಾಗೇ.

ಇನ್ನೊಂದು ಚಿಕ್ಕ ವಿಷಯ, ಬೇರೆ ಹೆರಾಲ್ಡ್ ನೋಡೋವಾಗ್ಲೂ ಉಪಯೋಗಕ್ಕೆ ಬರುತ್ತೆ. 12/50 ಅಂತ ಒಂದು ಮಾಡೆಲ್ ಇತ್ತು, ಅದು ಬಟ್ಟೆ ಸನ್‌ರೂಫ್ ಇರೋ ಸಲೂನ್ ಮಾತ್ರ, ಕಂಪನಿ ಕನ್ವರ್ಟಿಬಲ್ ಬರ್ಲೇ ಇಲ್ಲ. 12/50 ಕನ್ವರ್ಟಿಬಲ್ ಅಂತ ಯಾರಾದ್ರೂ ಹೇಳಿದ್ರೆ ಮುಂದಕ್ಕೆ ಕೇಳೋದೇ ಬೇಡ. ಕನ್ವರ್ಟಿಬಲ್ ಬಂದಿದ್ದು 948, 1200, ಆಮೇಲೆ 1967ರಿಂದ 71ರವರೆಗೆ 1296 ಸಿಸಿಯ 13/60, ಅಷ್ಟೇ.

ಬಾಡಿ ಮೇಲೆ ಏನು ನೋಡೋದು ಅಂದ್ರೆ, ಹುಡ್ ಬಿಚ್ಚಿಸಿ. ಬಟ್ಟೆ ಹೊಸದಾಗಿದ್ರೆ ತೊಂದರೆ ಇಲ್ಲ, ಬಟ್ಟೆ ಯಾವ ಗಾಡೀಲೂ ಇಷ್ಟು ವರ್ಷ ಬರಲ್ಲ. ನೋಡ್ಬೇಕಾಗಿರೋದು ಕೆಳಗಿನ ಕಬ್ಬಿಣದ ಫ್ರೇಮು. ಕಂಪನಿ ಫ್ರೇಮ್ ಆದ್ರೆ ಕೀಲುಗಳಲ್ಲಿ ಸವೆತ ಇರುತ್ತೆ, ಮಡಚಿದಾಗ ಅದರ ಜಾಗದಲ್ಲಿ ಅದು ಸರಿಯಾಗಿ ಕೂರುತ್ತೆ. ಗ್ಯಾರೇಜಲ್ಲಿ ಮಾಡಿಸಿದ್ದಾದ್ರೆ ಫ್ಲಾಟ್ ಪಟ್ಟಿ ಬಗ್ಗಿಸಿ ವೆಲ್ಡ್ ಹೊಡೆದಿರ್ತಾರೆ, ಮಡಚಿದ್ರೆ ಹಿಂದಿನ ಸೀಟ್ ಮೇಲೆ ಬಂದು ಕೂತ್ಕೊಳುತ್ತೆ. ಕಂಪನಿ ಕನ್ವರ್ಟಿಬಲಲ್ಲಿ ಈ ಫ್ರೇಮ್‌ಗೆ ಜಾಗ ಬೇಕು ಅಂತ ಹಿಂದಿನ ಸೀಟನ್ನೇ ಸಲೂನಿಗಿಂತ ಕಿರಿದು ಮಾಡಿದ್ರು, ಹಾಗಾಗಿ ಸೀಟ್ ಗೋಡೆಯಿಂದ ಗೋಡೆವರೆಗೂ ಪೂರ್ತಿ ಅಗಲ ಇದ್ರೆ ಅದು ಸಲೂನ್ ಸೀಟು. ಆಮೇಲೆ ವಿಂಡ್‌ಸ್ಕ್ರೀನ್ ಫ್ರೇಮ್ ಮೇಲ್ತುದಿ, ಹಿಂದೆ ಡಿಕ್ಕಿ ಬಾಗಿಲಿಗಿಂತ ಮುಂದಿರೋ ಡೆಕ್ ತಗಡು, ಈ ಎರಡು ಕಡೆ ಬೆರಳಲ್ಲಿ ಸವರಿ ನೋಡಿ. ಸಲೂನ್ ಟಾಪ್ ಬೋಲ್ಟ್ ಕೂರ್ತಿದ್ದ ತೂತುಗಳನ್ನ ಪುಟ್ಟಿ ಹಾಕಿ ಮುಚ್ಚಿದ್ರೆ ಬಿಸಿಲಲ್ಲಿ ಪಕ್ಕದಿಂದ ನೋಡಿದಾಗ ಆ ಜಾಗ ಸಣ್ಣಗೆ ತಗ್ಗಾಗಿ ಕಾಣುತ್ತೆ. ಮಧ್ಯಾಹ್ನದ ಹೊತ್ತು ನೋಡ್ಬೇಡಿ, ಬೆಳಿಗ್ಗೆನೋ ಸಂಜೆನೋ ಬೆಳಕು ಓರೆಯಾಗಿ ಬೀಳೋವಾಗ ನೋಡಿ, ಶೋರೂಮ್ ಲೈಟಲ್ಲಿ ನೋಡಿ ತೀರ್ಮಾನ ಮಾಡೋದಂತೂ ಬೇಡವೇ ಬೇಡ.

ಈಗ ನಾನು ನಿಮ್ಮ ಜಾಗದಲ್ಲಿದ್ರೆ ಕೇಳೋ ಮೊದಲ ಪ್ರಶ್ನೆ, ಇದನ್ನ ಯಾರೂ ಕೇಳಲ್ಲ: ಒರಿಜಿನಲ್ ಟಾಪ್ ಎಲ್ಲಿದೆ? ಕಂಪನಿ ಕನ್ವರ್ಟಿಬಲ್ ಅಂತಿರೋವ್ರು ಯಾವ ಟಾಪು ಅಂತಾರೆ, ಅವರ ಹತ್ರ ಬಿಡಿ, ಶೆಡ್ ನೋಡ್ಕೊಳ್ಳೋ ಹುಡುಗನ್ನೋ ಹಳೇ ಮೆಕ್ಯಾನಿಕ್‌ನೋ ಸಮಾಧಾನವಾಗಿ ಕೇಳಿ. ಹೆರಾಲ್ಡಲ್ಲಿ ಟಾಪ್ ಬಿಚ್ಚಿದ್ದು ಅಪರಾಧ ಅಲ್ಲ, ಬಿಚ್ಚಿದ್ದನ್ನ ಎಸೆದಿದ್ದು ದೊಡ್ಡ ನಷ್ಟ. ಆ ಟಾಪು, ಹಿಂದಿನ ಗ್ಲಾಸು, ಅದರ ಬೀಡಿಂಗ್ ಎಲ್ಲಾ ಗೋಡೌನ್‌ನಲ್ಲಿ ಇದೆ ಅಂದ್ರೆ ಈ ಗಾಡಿ ವಾಪಸ್ ತನ್ನ ಒರಿಜಿನಲ್ ರೂಪಕ್ಕೆ ಬರುತ್ತೆ, ಆರ್‌ಸಿಗೂ ತಾಳೆ ಆಗುತ್ತೆ, ಅದು ಮರ್ಯಾದೆ ಇರೋ 1964ರ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗುತ್ತೆ. ನನ್ನ ಕೇಳಿದ್ರೆ ಒಂದು ಸುಳ್ಳು ಟ್ರಯಂಫ್ ಕನ್ವರ್ಟಿಬಲ್‌ಗಿಂತ ನಿಜವಾದ ಮದ್ರಾಸ್ ಹೆರಾಲ್ಡ್ ಎಷ್ಟೋ ಮೇಲು. ನಮ್ಮ ದೇಶದಲ್ಲಿ ಕಾರು ಅಂದ್ರೆ ಅಂಬಾಸಿಡರ್, ಫಿಯಟ್, ಹೆರಾಲ್ಡ್ ಅಂತ ಮೂರೇ ಇದ್ದ ಕಾಲದ ಗಾಡಿ ಅದು, ಅದಕ್ಕೆ ಇಂಗ್ಲೆಂಡ್ ಹೆಸರು ಅಂಟಿಸೋ ಅಗತ್ಯಾನೇ ಇಲ್ಲ, ನನಗೆ ಈ ಅಕ್ಷರ ಕಿತ್ತು ಬೇರೆ ಅಂಟಿಸೋದು ನೋಡಿದ್ರೆ ನಿಜಕ್ಕೂ ಬೇಜಾರಾಗುತ್ತೆ.

ಮೊನೊಕಾಕ್ ಗಾಡಿಗಳ ಕಥೆ ಬೇರೆ. ಪದ್ಮಿನಿ, ಅಂಬಾಸಿಡರ್, ಮಾರಿಸ್ ಮೈನರ್, ಇವುಗಳಲ್ಲಿ ಟಾಪೂ ಗಾಡಿಯ ಬಲದ ಒಂದು ಭಾಗ. ಮದುವೆ ಮೆರವಣಿಗೆಗೆ ಅಂತ ಟಾಪ್ ಕುಯ್ದಿರೋ ಪದ್ಮಿನಿಗಳು ಸಿಗುತ್ತೆ, ಅವು ಮಧ್ಯದಲ್ಲಿ ಬಗ್ಗಿ ಡೋರ್ ಜಾಮ್ ಆಗುತ್ತೆ, ಗುದ್ದಿದ್ರೆ ಒಳಗಿರೋವ್ರಿಗೆ ರಕ್ಷಣೆ ಇಲ್ಲ. ಮೈನರ್‌ನಲ್ಲಿ ಕಂಪನಿಯೋರೇ ಮಾಡಿದ ಓಪನ್ ಟಾಪ್ ಟೂರರ್ ಇತ್ತು, ಅದಕ್ಕೆ ಕೆಳಗೆ ಹೆಚ್ಚುವರಿ ಬಲ ಕೊಟ್ಟಿದ್ರು, ಕುಯ್ದ ಸಲೂನಲ್ಲಿ ಅದು ಇರಲ್ಲ. ಕುಯ್ದ ಗಾಡಿ ಎಷ್ಟು ಕಮ್ಮಿಗೆ ಸಿಕ್ಕಿದ್ರೂ ತಗೋಬೇಡಿ.

ನಿಮ್ಮ ಎಡಗಡೆ ಡೋರ್ ವಿಷಯಕ್ಕೆ ಬರೋಣ, ಇದು ನಂಬರ್ ಅಷ್ಟೇ ಮುಖ್ಯ. ಹೆರಾಲ್ಡಲ್ಲಿ ಡೋರ್ ಕೆಳಗಿನ ಸಿಲ್ ಬರೀ ಬೋಲ್ಟ್ ಹಾಕಿರೋ ತಗಡು, ಅದಕ್ಕೆ ಭಾರ ಹೊರೋ ಕೆಲಸ ಇಲ್ಲ. ಭಾರ ಪೂರ್ತಿ ಚಾಸೀದು, ಚಾಸಿಯಿಂದ ಪಕ್ಕಕ್ಕೆ ಚಾಚಿರೋ ಔಟ್‌ರಿಗ್ಗರ್‌ಗಳದ್ದು. ಡೋರ್ ಎತ್ತಿ ಹಾಕ್ಬೇಕು ಅಂದ್ರೆ ಮೂರರಲ್ಲೊಂದು: ಹಿಂಜ್ ಪಿನ್ ಸವೆದಿದೆ, ಇದು ಸಣ್ಣ ಕೆಲಸ. ಅಥವಾ ಬಾಡಿ ಕೂರಿಸೋವಾಗ ಬಾಡಿಗೂ ಚಾಸಿಗೂ ಮಧ್ಯೆ ಕೊಡೋ ಪ್ಯಾಕಿಂಗ್ ಸರಿಯಾಗಿ ಕೊಟ್ಟಿಲ್ಲ, ಇದು ತಾಳ್ಮೆ ಕೆಲಸ. ಇಲ್ಲಾ ಔಟ್‌ರಿಗ್ಗರೋ ಮೇನ್ ಫ್ರೇಮೋ ತುಕ್ಕು ತಿಂದು ಬಗ್ಗಿದೆ, ಇದು ಬಾಡಿ ಪೂರ್ತಿ ಎತ್ತಿ ಮಾಡೋ ಕೆಲಸ, ಖರ್ಚು ಎಲ್ಲಿಗೆ ನಿಲ್ಲುತ್ತೋ ಹೇಳಕ್ಕಾಗಲ್ಲ. ಮೂರರಲ್ಲಿ ಯಾವುದು ಅಂತ ಕಂಡುಹಿಡಿಯೋದು ಕಷ್ಟ ಇಲ್ಲ. ಮೊದಲು ಡೋರ್ ಅರ್ಧ ತೆಗೆದು ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಹಿಂಜ್ ಹತ್ರ ಆಟ ಇದ್ರೆ ಪಿನ್. ಆಟ ಇಲ್ಲಾಂದ್ರೆ ಡೋರ್ ಮುಚ್ಚಿ, ಅದರ ಹಿಂದಿನ ಅಂಚಿನ ಗ್ಯಾಪು ಮೇಲೆ ಎಷ್ಟಿದೆ, ಕೆಳಗೆ ಎಷ್ಟಿದೆ ಸ್ಕೇಲಲ್ಲಿ ಅಳೆದು ಬರ್ಕೊಳ್ಳಿ, ಆಮೇಲೆ ಹಿಂದಗಡೆ ಚಾಸಿ ಕೆಳಗೆ ಜ್ಯಾಕ್ ಕೊಟ್ಟು ಚಕ್ರ ನೆಲ ಬಿಡೋವರೆಗೂ ಎತ್ತಿ ಮತ್ತೆ ಅಳೀರಿ. ಗ್ಯಾಪ್ ಕಣ್ಣಿಗೆ ಕಾಣೋ ಹಾಗೆ ಬದಲಾದ್ರೆ ಫ್ರೇಮಲ್ಲಿ ಬಲ ಇಲ್ಲ ಅಂತ ಅರ್ಥ, ಟಾಪ್ ಇಲ್ಲದ ಗಾಡೀಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ, ಯಾಕಂದ್ರೆ ಮೇಲೆ ಹಿಡಿದಿಡಕ್ಕೆ ಏನೂ ಇಲ್ವಲ್ಲ.

ಆಮೇಲೆ ಗಾಡಿ ಕೆಳಗೆ ಮಲಗಿ, ಇಲ್ಲಾ ಗ್ಯಾರೇಜ್ ಲಿಫ್ಟ್‌ಗೆ ಹಾಕ್ಸಿ. ಡಿಫರೆನ್ಷಿಯಲ್ ಸುತ್ತಮುತ್ತ, ಡಿಕ್ಕಿ ಕೆಳಗಿನ ಔಟ್‌ರಿಗ್ಗರು, ಮುಂದೆ ಸ್ಟೀರಿಂಗ್ ರ್‍ಯಾಕ್ ಕೂರೋ ಜಾಗ, ಎಲ್ಲಾ ಕಡೆ ಹಳೇ ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟಿ ಕೇಳಿ, ಗಟ್ಟಿ ಕಬ್ಬಿಣ ಟಣ್ ಅನ್ನುತ್ತೆ, ತುಕ್ಕು ಮೇಲೆ ಪುಟ್ಟಿ ಬಳಿದು ಅಂಡರ್‌ಕೋಟ್ ಹೊಡೆದಿದ್ರೆ ಮಂಕಾಗಿ ದಪ್ ಅನ್ನುತ್ತೆ. ಕೆಳಗಡೆ ಪೂರ್ತಿ ಹೊಸ ಕರೀ ಅಂಡರ್‌ಕೋಟ್ ಹೊಡೆದಿದ್ರೆ ನನಗೆ ಸಮಾಧಾನ ಆಗಲ್ಲ, ಅನುಮಾನ ಹೆಚ್ಚಾಗುತ್ತೆ. ಬಾಡಿಗೆ ಮ್ಯಾಗ್ನೆಟ್ ಹಿಡೀರಿ, ಪೇಂಟ್ ಹಾಳಾಗದ ಹಾಗೆ ತೆಳು ಬಟ್ಟೆ ಸುತ್ತಿ, ಹಿಡಿಯದ ಕಡೆ ಪುಟ್ಟಿ ದಪ್ಪ ಇದೆ. ಒಳಗೆ ಕಾರ್ಪೆಟ್ ಎತ್ತಿಸಿ. ಗಾಡಿ ಮೊದಲು ಮಂಗಳೂರು ಉಡುಪಿ ಕಡೆ ಇತ್ತಾ ಕೇಳಿ, ಸಮುದ್ರದ ಗಾಳಿ ತಿಂದ ಗಾಡಿಗೂ ಮೈಸೂರಿನ ಒಣ ಹವೇಲಿ ಶೆಡ್‌ನಲ್ಲಿದ್ದ ಗಾಡಿಗೂ ಬಹಳ ವ್ಯತ್ಯಾಸ ಇರುತ್ತೆ.

ಮೆಕ್ಯಾನಿಕಲ್ ಕಡೆ ಎರಡು ವಿಷಯ ಮಾತ್ರ ಒತ್ತಿ ಹೇಳ್ತೀನಿ, ಉಳಿದಿದ್ದು ಯಾವ ಒಳ್ಳೇ ಮೆಕ್ಯಾನಿಕ್ ಆದ್ರೂ ನೋಡ್ತಾನೆ. ಒಂದು, ಮುಂದಿನ ಚಕ್ರದ ಕೆಳಗಿನ ಟ್ರನಿಯನ್. ಇದು ಹಿತ್ತಾಳೆಯದು, ಇದರೊಳಗೆ ಚಕ್ರನ ಹಿಡಿದಿರೋ ನೆಟ್ಟಗಿನ ಕೊಂಡಿ, ಅಂದ್ರೆ ವರ್ಟಿಕಲ್ ಲಿಂಕಿನ ಥ್ರೆಡ್ ತಿರುಗುತ್ತೆ, ಇದಕ್ಕೆ ಇಪಿ 90 ಗೇರ್ ಆಯಿಲ್ ಕೊಡ್ಬೇಕು, ಗ್ರೀಸ್ ಅಲ್ಲ. ನಮ್ಮಲ್ಲಿ ನಿಪ್ಪಲ್ ಕಂಡ್ರೆ ಗ್ರೀಸ್ ಗನ್ ಹಿಡಿಯೋದು ಅಭ್ಯಾಸ, ಗ್ರೀಸ್ ಗಟ್ಟಿಯಾಗಿ ಕೂತು ಥ್ರೆಡ್ ಒಳಗೆ ನೀರು ನಿಂತು ತುಕ್ಕು ಹಿಡಿದು ಒಂದಿನ ಲಿಂಕ್ ತುಂಡಾದ್ರೆ ಚಕ್ರ ಮಡಚಿಕೊಂಡು ಬಿಡುತ್ತೆ. ಮಾರೋವ್ರಿಗೆ ಅಲ್ಲಿಗೆ ಏನು ಹಾಕ್ತೀರ ಅಂತ ಕೇಳಿ, ಗ್ರೀಸ್ ಅಂದ್ರೆ ಬಿಚ್ಚಿ ನೋಡೋವರೆಗೂ ಆ ಗಾಡೀನ ಜೋರಾಗಿ ಓಡಿಸ್ಬೇಡಿ. ಎರಡು, ಕ್ರ್ಯಾಂಕಿನ ಥ್ರಸ್ಟ್ ವಾಷರ್, ಇಂಜಿನ್ ಒಳಗಿನ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದ ಹಾಗೆ ತಡೆಯೋದು ಇದೇ. ಇಂಜಿನ್ ಆಫ್ ಇರೋವಾಗ ಒಬ್ಬರು ಕ್ಲಚ್ ಒತ್ತಿ ಬಿಡ್ತಾ ಇರ್ಲಿ, ನೀವು ಮುಂದೆ ನಿಂತು ಕ್ರ್ಯಾಂಕ್ ಪುಲ್ಲಿ ನೋಡಿ, ಅದು ಹಿಂದೆ ಮುಂದೆ ಸರಿಯೋದು ಕಣ್ಣಿಗೆ ಕಂಡ್ರೆ ವಾಷರ್ ಹೋಗಿದೆ. ವಾಷರ್ ಪೂರ್ತಿ ಬಿದ್ದು ಹೋಗಿ ಕ್ರ್ಯಾಂಕ್ ಬ್ಲಾಕನ್ನೇ ಉಜ್ಜಿದ್ರೆ ಆ ಒರಿಜಿನಲ್ ಬ್ಲಾಕ್ ಹಾಳು, ಅಲ್ಲಿಗೆ ಮ್ಯಾಚಿಂಗ್ ನಂಬರ್ ಮಾತೂ ಮುಗೀತು. ಇವೆರಡೂ ಸರಿ ಇದ್ರೆ ಬ್ರೇಕ್ ನೋಡ್ಕೊಂಡು ಚಾಮುಂಡಿ ಬೆಟ್ಟ ಹತ್ತಿಸಿ ಇಳಿಸಿ, ಹತ್ತೋವಾಗ ಟೆಂಪರೇಚರ್ ಮುಳ್ಳು, ಇಳಿಯೋವಾಗ ಗೇರ್ ತಾನಾಗೇ ಕಳಚುತ್ತಾ, ತಿರುವಲ್ಲಿ ಹಿಂದಿಂದ ಟಕ್ ಟಕ್ ಶಬ್ದ ಬರುತ್ತಾ ಗಮನಿಸಿ. ಫಸ್ಟ್ ಗೇರ್ ಬೀಳೋವಾಗ ಕರ್ ಅಂದ್ರೆ ಹೆದರಬೇಡಿ, ಫಸ್ಟಿಗೆ ಸಿಂಕ್ರೋ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೇ ಹಾಕ್ಬೇಕು.

ಅರಮನೆ ಮಾತು. ಮೈಸೂರಲ್ಲಿ ಹಳೇ ಗಾಡಿ ಮಾರೋವಾಗ ಅರಮನೆ ಹೆಸರು ಬರೋದು ಹೊಸದಲ್ಲ. ಬರ್ಲಿ, ನಿಜ ಇದ್ರೂ ಇರಬಹುದು, ಆದ್ರೆ ಕಾಗದ ಇಲ್ಲದ ಅರಮನೆಗೆ ಒಂದು ರೂಪಾಯಿ ಜಾಸ್ತಿ ಕೊಡ್ಬೇಡಿ. ಹಳೇ ಆರ್‌ಸಿ ಬುಕ್ಕಲ್ಲಿ ಮೊದಲ ಮಾಲೀಕರಿಂದ ಹಿಡಿದು ಪ್ರತಿ ವರ್ಗಾವಣೆ ಬರೆದಿರ್ತಾರೆ, ಅದು ಡೂಪ್ಲಿಕೇಟ್ ಬುಕ್ ಆಗಿದ್ರೆ ಚಾಮರಾಜಪುರಂ ಆರ್‌ಟಿಓ ಕಚೇರೀಲೋ, ಬೇರೆ ಕಡೆ ರಿಜಿಸ್ಟರ್ ಆಗಿದ್ರೆ ಅಲ್ಲೋ ಅರ್ಜಿ ಕೊಟ್ಟು ಹಳೇ ರಿಜಿಸ್ಟರ್ ವಿವರ ಕೇಳಬಹುದು. ನಂಬರ್ ಎಂವೈಯಿಂದ ಶುರುವಾಗೋದಾದ್ರೆ ಅದು ಮೈಸೂರು ರಾಜ್ಯ ಅಂತಿದ್ದ ಕಾಲದ ಸರಣಿ, 1964ಕ್ಕೆ ತಾಳೆ ಆಗುತ್ತೆ. ಇಂಗ್ಲೆಂಡಿಂದ ಬಂದಿದ್ದು ಅನ್ನೋದಕ್ಕೂ ಇದೇ ಮಾತು: ಆಗ ಬೇಕಂದ ಹಾಗೆ ಕಾರು ತರಿಸಕ್ಕೆ ಆಗ್ತಿರಲಿಲ್ಲ, ವಿದೇಶದಲ್ಲಿದ್ದು ವಾಪಸ್ ಬರೋವಾಗ ತಂದೋರು, ರಾಯಭಾರ ಕಚೇರಿಯೋರ ಗಾಡಿ ಕೊಂಡೋರು, ಹಿಂಗೆ ಒಂದು ದಾರಿ ಇರ್ಲೇಬೇಕು, ಆ ದಾರಿಗೆ ಕಸ್ಟಮ್ಸ್ ಕಾಗದ ಇರುತ್ತೆ. ಮಾಲೀಕರು ತೀರಿಕೊಂಡು ಮಕ್ಕಳು ಮಾರ್ತಿದ್ರೆ ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಆಗ್ಲಿ, ಆಮೇಲೆ ಮಾರಾಟದ ವರ್ಗಾವಣೆಗೆ ಬೇಕಾದ ಫಾರ್ಮ್ 29, 30 ಸಹಿ ಮಾಡಿ ನಿಮಗೆ ಕೊಡ್ಲಿ. ಎಲ್ಲಾ ವಾರಸುದಾರರ ಒಪ್ಪಿಗೆ ಇಲ್ಲದೆ ಅಣ್ಣ ಒಬ್ಬನೇ ಮಾರಿ, ತಂಗಿ ಬಂದು ತಕರಾರು ತೆಗೆಯೋದು ಜಮೀನಲ್ಲಿ ಮಾತ್ರ ಅಲ್ಲ, ಗಾಡೀಲೂ ಆಗುತ್ತೆ.

ವಿಎ ನಂಬರ್ ಬಗ್ಗೆ ಕೇಳಿದ್ರಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರೋ ಗಾಡಿ, ಒರಿಜಿನಲ್ ರೂಪದಲ್ಲಿರ್ಬೇಕು, ಚಾಸಿ, ಬಾಡಿ ಶೆಲ್, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅಂತ ಅದರಲ್ಲೇ ಇದೆ. ಹೊಸ ರಿಜಿಸ್ಟ್ರೇಷನ್‌ಗೆ 20,000, ಆಮೇಲೆ ಮರು ರಿಜಿಸ್ಟ್ರೇಷನ್‌ಗೆ 5,000 ರೂಪಾಯಿ, ಹತ್ತು ವರ್ಷಕ್ಕೆ ಮಾನ್ಯ. ಟಾಪ್ ತೆಗೆದ ಸಲೂನ್ ಈ ಒರಿಜಿನಲ್ ರೂಪ ಅನ್ನೋ ಷರತ್ತಲ್ಲೇ ಬಿದ್ದು ಹೋಗುತ್ತೆ. ಜೊತೆಗೆ ಆ ನಿಯಮದಲ್ಲಿ ರಿಜಿಸ್ಟರ್ ಆದ ಗಾಡೀನ ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ ಇಂಥ ಕೆಲಸಕ್ಕೆ ಮಾತ್ರ ರೋಡಿಗೆ ತರಬಹುದು, ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡಕ್ಕೆ ಆಗಲ್ಲ. ಈಗಾಗಲೇ ಹಳೇ ನಂಬರ್ ಇರೋ ಗಾಡಿ ಅದೇ ನಂಬರ್ ಉಳಿಸ್ಕೋಬಹುದು, ಹಾಗಾಗಿ ನಿಮ್ಮಂಥೋರಿಗೆ ಎಫ್‌ಸಿ ಮಾಡಿಸಿ ಮಾಮೂಲಿ ಆರ್‌ಸಿನೇ ಐದೈದು ವರ್ಷಕ್ಕೆ ರಿನ್ಯೂ ಮಾಡ್ಕೊಂಡು ಹೋಗೋದು ಉತ್ತಮ. ಆದ್ರೆ ಅದಕ್ಕೂ ಗಾಡಿ ಆರ್‌ಸಿಗೆ ತಾಳೆ ಆಗ್ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಸಲೂನ್ ಅಂತ ಬರೆದಿರೋ ಆರ್‌ಸಿ ಇಟ್ಕೊಂಡು ಓಪನ್ ಗಾಡಿ ಓಡಿಸಿ ಏನಾದ್ರೂ ಆದ್ರೆ ಇನ್ಶೂರೆನ್ಸ್ ಕ್ಲೇಮ್‌ಗೂ ತಕರಾರು ಬರುತ್ತೆ.

ಬೆಲೆ ಎಷ್ಟು ಅನ್ನೋದು. 14 ಲಕ್ಷ ಅನ್ನೋದು ಸಿವಿ ಅನ್ನೋ ಎರಡಕ್ಷರಕ್ಕೆ ಕೇಳ್ತಿರೋ ಬೆಲೆ, ಆ ಎರಡಕ್ಷರ ನಿಲ್ಲಲಿಲ್ಲ ಅಂದ್ರೆ 14ರಿಂದ ಇಳಿಸ್ತಾ ಚೌಕಾಸಿ ಮಾಡ್ಬೇಡಿ, ಸಲೂನ್ ಬೆಲೆಯಿಂದ ಶುರು ಮಾಡಿ. ಅಂದ್ರೆ ಓಡೋ ಸ್ಥಿತೀಲಿರೋ, ಕಾಗದ ಸರಿ ಇರೋ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳು ಮೈಸೂರು ಬೆಂಗಳೂರು ಕಡೆ ನಿಜವಾಗಿ ಎಷ್ಟಕ್ಕೆ ಕೈ ಬದಲಾದ್ವು ಅಂತ ತಿಳ್ಕೊಳ್ಳಿ, ಹೇಳೋ ಬೆಲೆ ಅಲ್ಲ, ಕೊಟ್ಟ ಬೆಲೆ. ಅದರಿಂದ ಚಾಸಿ ಕೆಲಸಕ್ಕೆ ಟಿಂಕರ್ ಬರೆದು ಕೊಟ್ಟ ಎಸ್ಟಿಮೇಟ್ ಕಳೀರಿ, ಟಾಪ್ ಇಲ್ಲಾಂದ್ರೆ ಅದನ್ನ ಹುಡುಕಿ ತಂದು ಕೂರಿಸೋ ಖರ್ಚು ಕಳೀರಿ, ಬಂಪರ್, ಬೀಡಿಂಗ್, ಮೀಟರ್, ಹ್ಯಾಂಡಲ್ ಏನೇನು ಕಾಣೆಯಾಗಿದೆ ಅದನ್ನೆಲ್ಲ ಕಳೀರಿ. ಕೆಂಪು ಪೇಂಟಿಗೆ, ಹೊಸ ಸೀಟ್ ಕವರಿಗೆ ಏನೂ ಸೇರಿಸ್ಬೇಡಿ. ಪೇಂಟು, ಸೀಟು, ಕ್ರೋಮು ಇವೆಲ್ಲ ದುಡ್ಡು ಕೊಟ್ರೆ ನಾಳೆನೂ ಸಿಗುತ್ತೆ. ಗುರುತು, ಕಾಗದ, ಗಟ್ಟಿ ಚಾಸಿ, ಒರಿಜಿನಲ್ ಬ್ಲಾಕು, ಇವು ಹೋದ್ರೆ ಹೋದವೇ, ಬೆಲೆ ಇರೋದು ಅದಕ್ಕೆ. ಹಳೇ ಬಣ್ಣ ಮಾಸಿದ, ಸೀಟ್ ಹರಿದ, ಆದ್ರೆ ಇವೆಲ್ಲ ಇರೋ ಗಾಡಿಗೆ ನಾನು ಈ ಹೊಳೆಯೋ ಗಾಡಿಗಿಂತ ಜಾಸ್ತಿ ಕೊಡಿ ಅಂತೀನಿ.

ಹೆರಿಟೇಜ್ ಸರ್ಟಿಫಿಕೇಟ್ ಬಂದು, ಅದರಲ್ಲಿ ಸಿವಿ ಇದ್ದು, ಬಣ್ಣ ಇಂಜಿನ್ ನಂಬರ್ ತಾಳೆ ಆಗಿ, ಅದೇ ನಂಬರ್ ಇರೋ ಆರ್‌ಸಿನೂ ಸಿಕ್ಕಿದ್ರೆ ಅದು ಬೇರೆ ಲೆಕ್ಕ, ಆಗ ಮತ್ತೆ ಬರೀರಿ, ಆ ಗಾಡಿಗೆ ಕೇಳ್ತಿರೋ ಬೆಲೆ ಬಗ್ಗೆ ಕೂತು ಮಾತಾಡೋಣ. ಅಲ್ಲೀವರೆಗೂ ಶ್ರೀರಂಗಪಟ್ಟಣದ ಹತ್ರ ಪಯಣ ಕಾರ್ ಮ್ಯೂಸಿಯಂ ಇದೆ, ನೀವು ಮಂಡ್ಯದಿಂದ ಬರೋ ದಾರೀಲೇ ಸಿಗುತ್ತೆ, ಒಂದಿನ ಅಲ್ಲಿ ಹಳೇ ಗಾಡಿಗಳ ಡೋರ್ ಗ್ಯಾಪು, ಬ್ಯಾಡ್ಜು, ಬೀಡಿಂಗ್ ಹೆಂಗಿರುತ್ತೆ ಅಂತ ನಿಧಾನಕ್ಕೆ ನೋಡ್ಕೊಂಡು ಬನ್ನಿ, ಕಣ್ಣು ಪಳಗುತ್ತೆ. ಮಾರೋವ್ರು ಬೇರೆ ಪಾರ್ಟಿ ಬರ್ತಿದಾರೆ ಅಂತ ಅವಸರ ಮಾಡಿ, ನಿಮಗೂ ಬಿಡಕ್ಕೆ ಮನಸ್ಸಿಲ್ಲ ಅಂದ್ರೆ ಸಣ್ಣ ಮೊತ್ತ ಬ್ಯಾಂಕ್ ಮೂಲಕ ಮಾತ್ರ ಕೊಡಿ, ರಸೀದೀಲಿ ಆರ್‌ಸಿಯ ಚಾಸಿ ನಂಬರು, ಪ್ಲೇಟಿನ ನಂಬರು ಎರಡನ್ನೂ ಬರೆಸಿ, ಕಂಪನಿ ಕನ್ವರ್ಟಿಬಲ್ ಅಂತ ಅವರ ಕೈಯಲ್ಲೇ ಬರೆಸಿ, ದಾಖಲೆ ತಾಳೆ ಆಗದಿದ್ರೆ ಪೂರ್ತಿ ವಾಪಸ್ ಅಂತ ಸಹಿ ಹಾಕ್ಸಿ. ಹಾಗೆ ಬರ್ಕೊಡಲ್ಲ ಅಂದ್ರೆ ದುಡ್ಡು ಜೇಬಲ್ಲೇ ಇಟ್ಕೊಂಡು ವಾಪಸ್ ಬನ್ನಿ.